ಕೊರಳಿನ ಅಕ್ಕ

ಮಧುಗಿರಿ
1979 ಮೇ 23, ಬುಧವಾರ

ನನಗೆ ಮದುವೆಯಾಯಿತು! ನಿಜವಾಗಿಯೂ ಆಗಿಬಿಟ್ಟಿತು, ಇನ್ನು ಯಾರೂ ತಪ್ಪಿಸಲಾರರು!

ಇದನ್ನು ಇಂಗ್ಲಿಷಿನಲ್ಲಿ ಬರೆಯೋಣವೆಂದೇ ಕೂತೆ. ಕಾನ್ವೆಂಟಿನಲ್ಲಿ ಕಲಿತವಳು, ಇಷ್ಟು ವರ್ಷ ದಿನಚರಿ ಬರೆದದ್ದೆಲ್ಲ ಇಂಗ್ಲಿಷಿನಲ್ಲಿ. ಆದರೆ ‘ಹಸ್ಬೆಂಡ್’ ಎಂದು ಬರೆದ ಕೂಡಲೇ ಯಾರೋ ಸೂಟು ಹಾಕಿಕೊಂಡ ದೊರೆ ಕಣ್ಣ ಮುಂದೆ ಬಂದ. ನಮ್ಮವರೋ, ಪಂಚೆ ಮೇಲಕ್ಕೆ ಕಟ್ಟಿಕೊಂಡು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದರು. ಅದಕ್ಕೇ ಕನ್ನಡ.

ಅವರ ಹೆಸರು ಪರ್ವತಯ್ಯ. ಅವರ ತಾತನ ಹೆಸರಂತೆ. ನನ್ನ ಗೆಳತಿಯರು ಕೇಳಿ ಬಿದ್ದು ಬಿದ್ದು ನಕ್ಕರು. ನಗಲಿ! ನಮ್ಮ ಕೋಣೆಯ ಕಿಟಕಿ ತೆರೆದರೆ ಎದುರಿಗೆ ಒಂದೇ ಬಂಡೆಯ ಅಷ್ಟೆತ್ತರದ ಬೆಟ್ಟ. ಅಂಥ ಬೆಟ್ಟದ ಬುಡದಲ್ಲಿ ಪರ್ವತಯ್ಯನಲ್ಲದೆ ಇನ್ಯಾರು ಇರಬೇಕು? ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನಗೆ ಗಣಿತವೆಂದರೆ ಜ್ವರ. ಅದನ್ನೂ ಹೇಳಿಬಿಟ್ಟಿದ್ದೇನೆ.

ಅವರಿಗೆ ಇದು ಎರಡನೆಯ ಮದುವೆ. ಹೆಣ್ಣು ನೋಡಲು ಬಂದ ದಿನ ನನ್ನೊಬ್ಬಳಿಗೇ ಹೇಳಿದರು: “ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷ ಆಯ್ತು. ಮಗಳು ಅಜ್ಜಿ ಮನೇಲಿದ್ದಾಳೆ. ನಿಮಗೆ ಬೇಡ ಅನ್ನಿಸಿದರೆ ಕಣ್ಣಲ್ಲೇ ಹೇಳಿ, ನಾನೇ ಒಪ್ಪಲಿಲ್ಲ ಅಂತ ನಿಮ್ಮ ತಂದೆಗೆ ಹೇಳಿಬಿಡ್ತೀನಿ.” ಅಲ್ಲಿಗೆ ನಾನು ಸೋತೆ! ಇಷ್ಟು ಮರ್ಯಾದೆಯ ಗಂಡಸು ಮತ್ತೆಲ್ಲಿ ಸಿಗಬೇಕು? ಮಗು ಪಾವಗಡದ ಆಚೆ ಎಲ್ಲೋ ಅಜ್ಜಿಯ ಹತ್ತಿರ ಚೆನ್ನಾಗಿದೆಯಂತೆ, ನನಗೇನೂ ತೊಂದರೆ ಇಲ್ಲವಂತೆ.

ಕೋಣೆ ಪೂರ್ತಿ ನನ್ನದು. ಕಿಟಕಿಗೆ ಗುಲಾಬಿ ಬಣ್ಣದ ಪರದೆ ಹೊಲಿಯುವುದು. ಬಟ್ಟೆ ಬೆಂಗಳೂರಿನಿಂದಲೇ ತಂದಿದ್ದೇನೆ. ಒಂದೇ ಒಂದು ಕೊರತೆ, ಈ ಊರಿಗೆ ರೈಲಿಲ್ಲ. ರೈಲ್ವೆ ಗಾರ್ಡ್ ಮಗಳನ್ನು ಕೂಗು ಕೇಳದ ಊರಿಗೆ ಕೊಟ್ಟರಲ್ಲ ನಮ್ಮಪ್ಪ!

ಮೇ 27, ಭಾನುವಾರ

ನನ್ನ ಕೊರಳಲ್ಲಿ ಇಬ್ಬರಿದ್ದೇವೆ.

ತಾಳಿಯ ಪಕ್ಕದಲ್ಲೇ ಒಂದು ಸಣ್ಣ ಬೆಳ್ಳಿ ಬಿಲ್ಲೆ ಪೋಣಿಸಿದ್ದಾರೆ. ಅದರ ಮೇಲೆ ಕೈಮುಗಿದು ನಿಂತ ಹೆಂಗಸಿನ ರೂಪ. ಸವತಿ ಬಿಲ್ಲೆ. ತೀರಿಹೋದ ಮೊದಲ ಹೆಂಡತಿಗಾಗಿ ಎರಡನೆಯವಳು ಕಟ್ಟಿಕೊಳ್ಳುವುದು. ಹೊಸ ಸೀರೆ ಉಡುವಾಗ ಮೊದಲು ಸೆರಗನ್ನು ಬಿಲ್ಲೆಗೆ ತಾಗಿಸಬೇಕು. ಹಬ್ಬದ ಎಡೆಯೂ ಮೊದಲು ಅವಳಿಗೆ. ನನಗೆ ಬಂದದ್ದೆಲ್ಲ ಅವಳು ಮುಟ್ಟಿ ಬಿಟ್ಟದ್ದು. ಅಕ್ಕಂದಿರ ಫ್ರಾಕು ಹಾಕಿಕೊಂಡೇ ಬೆಳೆದವಳು ನಾನು. ಇನ್ನೊಬ್ಬ ಅಕ್ಕ ಸಿಕ್ಕಳು ಎಂದುಕೊಂಡೆ.

“ಅಕ್ಕನ ಹೆಸರೇನು ಅತ್ತೆ?” ಎಂದು ಕೇಳಿದೆ.

ನಮ್ಮತ್ತೆ ಚನ್ನಮಲ್ಲಮ್ಮ ಸೌಟು ಕೆಳಗಿಟ್ಟು ನನ್ನ ಬಾಯಿಗೇ ಕೈ ಅಡ್ಡ ಹಿಡಿದರು. “ಸುಮ್ಕಿರು ತಾಯಿ. ಈ ಮನೇಲಿ ಆ ಹೆಸ್ರು ಎತ್ತಂಗಿಲ್ಲ. ಹೊಸದಾಗಿ ಬಂದೋಳು ನೀನು, ನಿಂಗೆ ಒಳ್ಳೇದಾಗಕಿಲ್ಲ.”

ಫೋಟೋ ಇಲ್ಲ, ಹೆಸರಿಲ್ಲ. ಬೆಳ್ಳಿಯಲ್ಲಿ ಮಾತ್ರ ಇದ್ದಾಳೆ.

ಇನ್ನೊಂದು ವಿಷಯ. ಅವರು ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಆಯಾಸವಿರಬೇಕು. ರಜದಲ್ಲೂ ಮೇಷ್ಟ್ರುಗಳಿಗೆ ಬಹಳ ಕೆಲಸವಿರುತ್ತದೆ.

ಜೂನ್ 6, ಬುಧವಾರ

ಸ್ಕೂಲು ಶುರುವಾಗಿದೆ. ಇಂಗ್ಲಿಷ್ ಪತ್ರಿಕೆಯ ಸಲಹೆ ಅಂಕಣದಲ್ಲಿ ಓದಿದ್ದನ್ನೆಲ್ಲ ಮಾಡಿ ನೋಡಿದೆ. ಗಂಡನ ಕೆಲಸದಲ್ಲಿ ಆಸಕ್ತಿ ತೋರಿಸಬೇಕಂತೆ. ತೋರಿಸಿದೆ. ಅವರು ಪೈಥಾಗೊರಸ್ ಪ್ರಮೇಯ ಹೇಳಿಕೊಟ್ಟು, “ಅರ್ಥ ಆಯ್ತಾ?” ಎಂದು ಕೇಳಿ ಹೊರಟುಹೋದರು. ಮೇಣದಬತ್ತಿ ಹಚ್ಚಿ ಊಟಕ್ಕೆ ಬಡಿಸಬೇಕಂತೆ. ಹಚ್ಚಿದೆ. ಅತ್ತೆ, “ಕರೆಂಟು ಐತಲ್ಲವ್ವ, ಯಾಕೆ ದಂಡ?” ಎಂದು ಆರಿಸಿದರು.

ಇವತ್ತು ಕುಟುಂಬ ಕಲ್ಯಾಣದ ಕಮಲಾಕ್ಷಮ್ಮ ಮನೆಗೆ ಬಂದಿದ್ದರು. ದಪ್ಪ ಕನ್ನಡಕ, ಕೆಂಪು ತ್ರಿಕೋನದ ಬ್ಯಾಗು, ಊರಿಗೆಲ್ಲ ಕೇಳುವ ದನಿ. “ಎಮರ್ಜೆನ್ಸಿ ಆದಾಗ್ನಿಂದ ಈ ಬ್ಯಾಗ್ ಕಂಡ್ರೆ ಗಂಡಸ್ರು ಹಿತ್ಲು ಗೋಡೆ ಹಾರ್ತಾರೆ ಕಣಮ್ಮ. ಹೆಂಗಸ್ರಾದ್ರೂ ಕೂರ್ಸಿ ಕಾಫಿ ಕೊಡ್ತೀರ” ಎಂದು ನಕ್ಕು, ಪೊಟ್ಟಣವೊಂದನ್ನು ತೆಗೆದು, ಹೊಸ ಜೋಡಿಗಳು ಒಂದೆರಡು ವರ್ಷ ತಡೆಯುವುದು ಒಳ್ಳೆಯದು ಎಂದು ಶುರುಮಾಡಿದರು.

ನನ್ನ ಬಾಯಿಗೆ ಬಾಗಿಲಿಲ್ಲ. “ಅದರ ಅಗತ್ಯ ಇನ್ನೂ ಬಂದೇ ಇಲ್ಲ” ಎಂದುಬಿಟ್ಟೆ. ಆಮೇಲೆ ಏಕೋ ಅಳು ಬಂತು. ಇಷ್ಟು ಸಂತೋಷವಾಗಿರುವವಳು ನಾನು, ಅಳುವುದಕ್ಕೇನಿತ್ತು?

ಅವರು ಪೊಟ್ಟಣ ಒಳಗಿಟ್ಟು ಬ್ಯಾಗಿನ ಗುಂಡಿ ಹಾಕಿದರು. “ಹೇಳು” ಎಂದರು. ಅಷ್ಟೇ. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದೆ. ಗೋಡೆಯನ್ನೂ, ಬಿಲ್ಲೆಯನ್ನೂ, ನಮ್ಮವರು ನನ್ನ ಮುಖ ನೋಡುವ ಬದಲು ಕೊರಳು ನೋಡಿ ಕಣ್ಣು ತಿರುಗಿಸುವುದನ್ನೂ.

“ನನ್ ಕೇಳಿದ್ರೆ ಆ ಬಿಲ್ಲೆ ತೆಗೆದಿಡು” ಎಂದರು ಕಮಲಾಕ್ಷಮ್ಮ. “ಅದ್ನ ನೋಡಿದಾಗ್ಲೆಲ್ಲ ಗಾಯ ಕೆರೆದಂಗಾಗುತ್ತೆ ಪಾಪ. ಒಂದೆರಡು ದಿನ ತೆಗೆದು ನೋಡು. ಮುಂದಿನ ಬುಧವಾರ ಬತ್ತೀನಿ. ಬೇರೆ ಯಾರಿಗೂ ಹೇಳಲ್ಲ, ಈ ಬ್ಯಾಗಿನ ಮೇಲಾಣೆ.”

ಜೂನ್ 11, ಸೋಮವಾರ

ಧೈರ್ಯ ಬರಲು ಇಷ್ಟು ದಿನ ಬೇಕಾಯಿತು. ಬೆಳಗ್ಗೆ ಸ್ನಾನವಾದ ಮೇಲೆ ಬಿಲ್ಲೆ ಬಿಚ್ಚಿ ಬಳೆ ಪೆಟ್ಟಿಗೆಯಲ್ಲಿಟ್ಟೆ. “ಎರಡೇ ದಿನ ಅಕ್ಕ, ಬೇಜಾರು ಮಾಡ್ಕೋಬೇಡಿ” ಎಂದೆ. ಕೊರಳು ಹಗುರವಾಯಿತು. ಅಷ್ಟೇನೂ ಖುಷಿಯಾಗಲಿಲ್ಲ.

ಜೂನ್ 12, ಮಂಗಳವಾರ

ಅಯ್ಯೋ, ಏನು ಬರೆಯಲಿ, ಎಲ್ಲಿಂದ ಬರೆಯಲಿ!

ನಿನ್ನೆಯೆಲ್ಲ ಧೈರ್ಯ ಸಾಲದೆ ಸೆರಗು ಹೊದ್ದು ಕೊರಳು ಮುಚ್ಚಿಕೊಂಡೇ ಇದ್ದೆ. ಇವತ್ತು ಸಾಯಂಕಾಲ ಸ್ಕೂಲಿನಿಂದ ಬಂದರು. ಕಾಫಿ ಕೊಟ್ಟೆ. ಲೋಟ ತೆಗೆದುಕೊಳ್ಳುವಾಗ ಕೊರಳು ನೋಡಿದರು. ಲೋಟವನ್ನು ಹಾಗೇ ಕೆಳಗಿಟ್ಟರು. ಬಚ್ಚಲಿಗೆ ಹೋಗಿ ನೆಲದ ಮೇಲೆ ಕೈಯಾಡಿಸಿ ಹುಡುಕಿದರು. ಆಮೇಲೆ ಒಗೆಯುವ ಕಲ್ಲಿನ ಹತ್ತಿರ, ಆಮೇಲೆ ಹೂವಿನ ಗಿಡದ ಬುಡದಲ್ಲಿ ಮೊಣಕಾಲೂರಿ. ಬಿಳಿ ಪ್ಯಾಂಟೆಲ್ಲ ಮಣ್ಣು.

“ಎಲ್ಲಿ ಬಿತ್ತು?” ಎಂದರು. ಮದುವೆಯಾದ ಮೇಲೆ, ಅರ್ಥವಾಯಿತೇ ಎಂಬುದನ್ನು ಬಿಟ್ಟರೆ, ಅವರಾಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ.

ಓಡಿಹೋಗಿ ಪೆಟ್ಟಿಗೆಯಿಂದ ತಂದು ಕೊಟ್ಟೆ. ಬೈಯುತ್ತಾರೆಂದು ಕಣ್ಣು ಮುಚ್ಚಿಕೊಂಡು ನಿಂತೆ. ಕಣ್ಣು ಬಿಟ್ಟರೆ ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. ಆಮೇಲೆ ಹೇಳಿದರು: “ಅವಳು ಇಷ್ಟು ದಪ್ಪ ಇರಲಿಲ್ಲ. ಆಚಾರಿ ತನ್ನ ಹೆಂಡ್ತೀನ ನೋಡಿ ಮಾಡಿದ್ದಾನೆ.”

ನಾನು ನಕ್ಕುಬಿಟ್ಟೆ. ಅವರೂ ನಕ್ಕರು! ಮುಂದಿನ ಹಲ್ಲೊಂದು ಕೊಂಚ ಸೊಟ್ಟಗಿದೆ, ನನಗೆ ಇವತ್ತಿನವರೆಗೆ ಗೊತ್ತೇ ಇರಲಿಲ್ಲ!

“ನೋಡಿದರೆ ನಿಮಗೆ ನೋವಾಗುತ್ತೆ ಅಂದ್ಕೊಂಡೆ” ಎಂದೆ.

“ಈ ಮನೇಲಿ ಅವಳು ಇರೋದು ಇದೊಂದೇ ಜಾಗ” ಎಂದರು. “ಸೀರೆ ಕೊಟ್ಟರು, ಫೋಟೋ ತೆಗೆದರು. ನಾನು ಹೆಸರು ಹೇಳಿದರೆ ಅಮ್ಮ ಎದ್ದು ಹೋಗ್ತಾರೆ. ನಿಮ್ಮ ಎದುರಿಗೆ ಹೇಳಿದರೆ ನಿಮಗೆ ಅವಮಾನ ಅಂದ್ರು. ದಿನಕ್ಕೊಂದು ಸಲ ನಿಮ್ಮ ಕೊರಳು ನೋಡ್ತಿದ್ದೆ. ನಿಮ್ಮನ್ನ ನೋಡದೆ ಅದನ್ನ ನೋಡ್ತಿದೀನಲ್ಲ ಅಂತ ನಾಚಿಕೆ ಆಗೋದು.”

“ಏನು ಹೆಸರು?”

“ಸರ್ವಮಂಗಳ.”

ಅವರೇ ನನ್ನ ಕೊರಳಿಗೆ ಬಿಲ್ಲೆ ಪೋಣಿಸಿ ಕಟ್ಟಿದರು. ಗಂಟು ಸರಿಯಾಗಿ ಬರಲಿಲ್ಲ. ಮತ್ತೆ ಬಿಚ್ಚಿ ಕಟ್ಟಲು ನಾನು ಬಿಡಲಿಲ್ಲ.

ಜೂನ್ 13, ಬುಧವಾರ

ಕಮಲಾಕ್ಷಮ್ಮನಿಗೆ ಎಲ್ಲ ವರದಿ ಒಪ್ಪಿಸಿದೆ. “ನಾನ್ ಹೇಳಿದ್ದು ಶುದ್ಧ ತಪ್ಪು ಬುಡು” ಎಂದು ಹಣೆ ಚಚ್ಚಿಕೊಂಡರು. “ಆದ್ರೂ ಕೆಲ್ಸ ಆಯ್ತು ನೋಡು!” ಅವರ ಯಜಮಾನರು ತೀರಿಕೊಂಡ ಮೇಲೆ ಅವರು ದಿನಾ ಬೆಳಗ್ಗೆ ಹೆಸರು ಹಿಡಿದು ಬೈಯುತ್ತಾರಂತೆ, ಬಾಗಿಲ ಚಿಲಕ ರಿಪೇರಿ ಮಾಡದೆ ಹೋದನೆಂದು.

ನಮ್ಮವರು ಬೇಗ ಬಂದರು. ಬ್ಯಾಗು ಕಂಡದ್ದೇ ಚಪ್ಪಲಿ ಮತ್ತೆ ಮೆಟ್ಟಿಕೊಳ್ಳಲು ಹೋದರು. “ಓಡ್ಬೇಡಿ ಮೇಷ್ಟ್ರೇ, ಕತ್ತರಿ ತಂದಿಲ್ಲ!” ಎಂದರು ಕಮಲಾಕ್ಷಮ್ಮ. ಅತ್ತೆ ಒಳಗೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕದ್ದು ನನಗೆ ಕಂಡಿತು.

ಕಾಫಿಯಾದ ಮೇಲೆ ಕಮಲಾಕ್ಷಮ್ಮ ಅವರನ್ನೇ ಕೇಳಿದರು: “ಮಗು ಎಲ್ಲೈತೆ?”

“ರಾಯಚರ್ಲಿನಲ್ಲಿ. ಅವರಜ್ಜಿ ಹತ್ರ.”

“ನೋಡಿ ಎಷ್ಟು ದಿನ ಆಯ್ತು?”

ಅವರು ಚಪ್ಪಲಿಯ ಉಂಗುಷ್ಠವನ್ನು ಎಳೆಯುತ್ತಾ ಕೂತರು. ಮಗುವಿನ ತಾಯಿ ತೀರಿಕೊಂಡ ಮೇಲೆ ಅಲ್ಲಿಗೆ ಹೋಗಿಯೇ ಇಲ್ಲವಂತೆ. ಬಾಣಂತನಕ್ಕೆ ತವರಿಗೆ ಹೋದವಳು ಅಲ್ಲೇ ಜ್ವರ ಬಂದು ಹೋದಳಂತೆ, ಹುಟ್ಟಿದ ಕೂಸೂ ಹೋಯಿತಂತೆ. ಇವರು ಬೆಂಗಳೂರಿನಲ್ಲಿ ಪರೀಕ್ಷೆಯ ಪೇಪರ್ ತಿದ್ದುತ್ತಿದ್ದರಂತೆ. “ಅವಳ ಅಮ್ಮನ ಎದುರಿಗೆ ಯಾವ ಮುಖ ಇಟ್ಕೊಂಡು ನಿಲ್ಲಲಿ?” ಎಂದರು.

ಮಗುವಿನ ಹೆಸರು ದಾಕ್ಷಾಯಿಣಿ. ನಾನು ಇದುವರೆಗೆ ಕೇಳಿಯೇ ಇರಲಿಲ್ಲ.

ಜೂನ್ 23, ಶನಿವಾರ

ನಾಡಿದ್ದಿನಿಂದ ಆಷಾಢ. ಹೊಸ ಸೊಸೆ ತವರಿಗೆ ಹೋಗಬೇಕು. ಟ್ರಂಕು ತುಂಬುತ್ತಿದ್ದೆ. ಬಾಗಿಲಲ್ಲಿ ಪಾವಗಡ ಬಸ್ಸಿನ ಕಂಡಕ್ಟರ್ ಓಬಳಪ್ಪ ನಿಂತು ಒಂದೇ ಉಸಿರಿನಲ್ಲಿ ಕೂಗಿದ:

“ರಾಯಚರ್ಲು ಬಸವಮ್ಮನೋರು ಹೇಳವ್ರೆ! ನನ್ ಮಗಳ ಜಾಗಕ್ಕೆ ಬಂದೋಳು ನಂಗೂ ಮಗಳೇಯ, ಆಷಾಢಕ್ಕೆ ಮೊದ್ಲು ನಮ್ಮನೆಗೇ ಕಳ್ಸಿ, ಆಮೇಲೆ ಬೆಂಗಳೂರು ಅಂತ! ಕಳ್ಸಲ್ಲ ಅಂದ್ರೆ ಅವರೇ ಬತ್ತಾರಂತೆ! ಬೇಗ ಹೇಳ್ರವ್ವ, ಡ್ರೈವರ್ ಹಾರನ್ ಹೊಡೀತಾವ್ನೆ!”

ಅತ್ತೆ ಮಗನ ಮುಖ ನೋಡಿದರು. ಮಗ ಬೆಟ್ಟ ನೋಡಿದರು. ನಾನು “ಬರ್ತೀನಿ ಅಂತ ಹೇಳಿ!” ಎಂದು ಕೂಗಿದೆ.

ರಾಯಚರ್ಲು
ಜುಲೈ 1, ಭಾನುವಾರ

ಬಸ್ಸಿಳಿದಾಗ ಬಸವಮ್ಮನವರು ನನ್ನ ಮುಖ ನೋಡಲಿಲ್ಲ. ಮೊದಲು ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಗಲ್ಲ ಹಿಡಿದು, “ರಾ ಅಮ್ಮಾ, ಬಂದ್ಯಾ? ಏಮಿ ಇಷ್ಟು ಸೊರಗಿದೀಯ? ಆ ಚನ್ನಮಲ್ಲಮ್ಮನ ಸಾರು ಉಂಡ್ರೆ ಇಂಗೇ ಆಗೋದು” ಎಂದರು. ಎಂಥ ಅಮ್ಮ! ಇವರ ಮಗ ಸೊಸೆಯೂ ಇದ್ದಾರೆ. ಮನೆ ತುಂಬ ಕಡಲೆಕಾಯಿ, ತೆಲುಗು, ಗಲಾಟೆ. ಇಲ್ಲಿ ಸರ್ವಮಂಗಳಳ ಹೆಸರು ಹತ್ತು ಮಾತಿಗೊಮ್ಮೆ ಬರುತ್ತದೆ. ಅವಳು ಉಪ್ಪಿನಕಾಯಿ ಕದಿಯುತ್ತಿದ್ದಳಂತೆ. ಅವಳಿಗೂ ಗಣಿತ ಬರುತ್ತಿರಲಿಲ್ಲವಂತೆ!

ದಾಕ್ಷಿ ಬಾಗಿಲ ಸಂದಿಯಿಂದ ನನ್ನನ್ನು ನೋಡುತ್ತಿದ್ದಾಳೆ. ನಾಲ್ಕು ವರ್ಷ. ಹತ್ತಿರ ಬರುವುದಿಲ್ಲ. ನಾನೂ ಕರೆಯುತ್ತಿಲ್ಲ. ಹೇಗೆ ಕರೆಯಬೇಕೋ ಗೊತ್ತಿಲ್ಲ.

ಜುಲೈ 5, ಗುರುವಾರ

ರೈಲು ಗೆದ್ದಿತು! ನಮ್ಮಪ್ಪ ಹಸಿರು ಬಾವುಟ ಬೀಸುವುದು, ಸೀಟಿ ಊದುವುದು ಎಲ್ಲ ಮಾಡಿ ತೋರಿಸಿದೆ. ಅಂಗಳದಲ್ಲಿ ನಾನು ಎಂಜಿನ್, ಅವಳು ಡಬ್ಬಿ. ಊರಿನ ಹೆಂಗಸರೆಲ್ಲ ಬಂದು ನೋಡಿ ಹೋದರು.

ಸುಸ್ತಾಗಿ ಕೂತಾಗ ತೊಡೆಯ ಮೇಲೆ ಹತ್ತಿ ಬಿಲ್ಲೆ ಹಿಡಿದುಕೊಂಡಳು. “ಇದು ಯಾರು?”

“ನಿಮ್ಮಮ್ಮ.”

ಹತ್ತಿರ ಹಿಡಿದು ನೋಡಿದಳು. “ನಮ್ಮಮ್ಮಂಗೆ ಮೂಗೇ ಇಲ್ಲ.”

ಇದನ್ನು ಅವರಿಗೆ ಹೇಳಬೇಕು. ಬಹಳ ನಗುತ್ತಾರೆ.

ಜುಲೈ 8, ಭಾನುವಾರ

ಅವರು ಬಂದಿದ್ದರು.

ಮಧ್ಯಾಹ್ನದ ಬಸ್ಸಿನಿಂದ ಇಳಿದು ಜಗಲಿಯ ಹತ್ತಿರ ನಿಂತರು. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಆಷಾಢದಲ್ಲಿ ಅತ್ತೆ ಅಳಿಯ ಒಂದೇ ಹೊಸ್ತಿಲು ದಾಟುವಂತಿಲ್ಲ. ಮೇಷ್ಟ್ರಿಗೆ ಅದು ಗೊತ್ತಿಲ್ಲದೆ ಏನಿಲ್ಲ. ಒಳಗೆ ಹೋಗದೆ ಇರಲು ನೆಪವಿರುವ ದಿನವೇ ನೋಡಿಕೊಂಡು ಬಂದರೋ ಏನೋ.

ಬಸವಮ್ಮ ಒಳಗೆ ಬಾಗಿಲ ಪಕ್ಕ ಗೋಡೆಗೊರಗಿ ಕೂತರು. ಇವರು ಹೊರಗೆ ಜಗಲಿಯ ಮೇಲೆ ಕೂತರು. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣದು. ನಾನು ಎಲ್ಲಿ ಕೂರಲಿ? ಹೊಸ್ತಿಲ ಮೇಲೇ ಕೂತೆ. ಕೂರಬಾರದ ಜಾಗ. ಯಾರೂ ಏಳು ಎನ್ನಲಿಲ್ಲ.

“ಒಳಗೆ ಬರಬ್ಯಾಡ್ರಿ ಅಳಿಯಂದ್ರೇ, ಆಷಾಢ.”

“ಗೊತ್ತಮ್ಮ. ಇಲ್ಲೇ ಕೂತ್ಕೋತೀನಿ.”

“ಎರಡು ವರ್ಷದಿಂದ ನಿಮಗೆ ಆಷಾಢ ಮುಗೀಲೇ ಇಲ್ಲ ಅಲ್ವಾ?”

ಅವರು ಪೊಟ್ಟಣದ ದಾರ ಬಿಚ್ಚಿದರು, ಮತ್ತೆ ಕಟ್ಟಿದರು. ಏನಾದರೂ ಹೇಳಿ, ದಮ್ಮಯ್ಯ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಪ್ರಮೇಯವನ್ನಾದರೂ ಹೇಳಿ!

“ನಿಮ್ಮ ಮುಖ ನೋಡೋ ಧೈರ್ಯ ಇರಲಿಲ್ಲಮ್ಮ” ಎಂದರು ಕಡೆಗೆ. “ಅವಳು ಅಷ್ಟು ಜ್ವರದಲ್ಲಿ ಇದ್ದಾಗ ನಾನು ಪೇಪರ್ ತಿದ್ದುತ್ತಾ ಕೂತಿದ್ದೆ. ನೀವು ಅದನ್ನ ಮರೀತೀರಾ?”

ಒಳಗಿನಿಂದ ಬಸವಮ್ಮನ ದನಿ ಬೇರೆಯೇ ಆಗಿ ಬಂತು.

“ಅಯ್ಯೋ ದೇವುಡಾ. ನೀವೇನು ಡಾಕ್ಟರಾ, ಇದ್ದು ಏನ್ ಮಾಡ್ತಿದ್ರಿ? ನಂಬಿಕೆಯಿಂದ ನನ್ ಮನೆಗೆ ಕಳ್ಸಿದ್ರಿ ಹೆಂಡ್ತೀನ. ನಾನು ತಿರುಗಿ ಕಳಿಸ್ಲಿಲ್ಲ. ಆ ಸಿಟ್ಟಿಗೇ ಈ ಮನೆ ಕಡೆ ತಲೆ ಹಾಕ್ತಿಲ್ಲ, ಮಗೀನೂ ಬ್ಯಾಡ ಅಂದ್ರು ಅಂದ್ಕೊಂಡಿದ್ದೆ ಕಣಪ್ಪ.”

“ನಿಮ್ಮ ಮೇಲೆ ಸಿಟ್ಟೇ? ನನಗೇ?”

“ಮತ್ತೆ! ಬಾಯಿ ಬಿಟ್ಟು ಹೇಳಿದ್ರೆ ತಾನೇ ಗೊತ್ತಾಗೋದು?”

ಇಬ್ಬರೂ ಅತ್ತರು. ಒಳಗೊಬ್ಬರು, ಹೊರಗೊಬ್ಬರು. ನಾನು ಮಧ್ಯೆ ಕೂತು ಎರಡೂ ಕಡೆಯ ಪಾಲು ಅತ್ತೆ. ಆ ಹೊತ್ತಿಗೆ ದಾಕ್ಷಿ ಹಿಂದಿನಿಂದ ಬಂದು ನನ್ನ ಬೆನ್ನಿಗೆ ಒರಗಿ, ಭುಜದ ಮೇಲಿಂದ ಇಣುಕಿ ನೋಡಿದಳು.

“ಇವರು ಯಾರು?”

“ನಿಮ್ಮಪ್ಪ.”

ಯೋಚಿಸಿದಳು. “ಇವರಿಗೂ ರೈಲು ಬರುತ್ತಾ?”

ಅವರು ಕಣ್ಣೊರೆಸಿಕೊಂಡರು. “ಡಬ್ಬಿ ಆಗೋದು ಬರುತ್ತೆ” ಎಂದರು.

ಹೈಸ್ಕೂಲು ಮೇಷ್ಟ್ರು ರಾಯಚರ್ಲಿನ ಬೀದಿಯಲ್ಲಿ ಬಗ್ಗಿ, ಮಗಳ ಫ್ರಾಕಿನ ತುದಿ ಹಿಡಿದು, ಬಸ್ಸು ಹೊರಡುವವರೆಗೂ ಓಡಿದರು. ಬಸವಮ್ಮ ಒಳಗಿನಿಂದಲೇ, “ಬಿದ್ದೀರಾ, ಜೋಪಾನ!” ಎಂದು ಕೂಗುತ್ತಿದ್ದರು. ಬಸ್ಸು ಹತ್ತುವಾಗ ಅವರು ನನ್ನ ಕೊರಳು ನೋಡಲಿಲ್ಲ. ನನ್ನನ್ನು ನೋಡಿದರು.

ಬೆಂಗಳೂರು
ಜುಲೈ 17, ಮಂಗಳವಾರ

ತವರಿನಲ್ಲಿ ಆಷಾಢದ ಉಳಿದರ್ಧ. ಏನೂ ಕೆಲಸವಿಲ್ಲ. ಅಪ್ಪನ ಹಳೆಯ ಸೀಟಿಯೊಂದನ್ನು ಕೇಳಿ ಇಸಿದುಕೊಂಡೆ. ದಾಕ್ಷಿಗೆ ಹುಣಸೆಹಣ್ಣಿನ ಚಿಗಳಿ ಇಷ್ಟ, ಮಾಡುವುದನ್ನು ಅಮ್ಮನಿಂದ ಕಲಿತೆ. ದಿನ ಕಳೆಯುತ್ತಿಲ್ಲ!

ಮಧುಗಿರಿ
ಜುಲೈ 26, ಗುರುವಾರ

ಶ್ರಾವಣ ಬಂತು. ನಾನೂ ಬಂದೆ. ದಾಕ್ಷಿಯನ್ನು ಇಲ್ಲಿಗೇ ಕಳಿಸಿ ಎಂದು ಓಬಳಪ್ಪನ ಹತ್ತಿರ ರಾಯಚರ್ಲಿಗೆ ಹೇಳಿ ಕಳಿಸಿದೆವು.

ಜುಲೈ 27, ಶುಕ್ರವಾರ

ಇವತ್ತಿನದನ್ನು ಬರೆಯುವುದಿಲ್ಲ. ನೀನು ಬರಿಯ ಕಾಗದ, ನಿನಗೂ ನಾಚಿಕೆಯಾದೀತು.

ಮುಂದಿನ ವಾರ ಕಮಲಾಕ್ಷಮ್ಮನಿಂದ ಆ ಪೊಟ್ಟಣ ಇಸಿದುಕೊಳ್ಳಬೇಕು. ಹೇಗೆ ಕೇಳುವುದು!

ಆಗಸ್ಟ್ 1, ಬುಧವಾರ

ಕೇಳಬೇಕಾಗಿಯೇ ಬರಲಿಲ್ಲ. ಕಮಲಾಕ್ಷಮ್ಮ ಬಾಗಿಲಲ್ಲೇ ನನ್ನ ಮುಖ ನೋಡಿ, ಬ್ಯಾಗಿನಿಂದ ಪೊಟ್ಟಣ ತೆಗೆದು ಕೈಯಲ್ಲಿಟ್ಟು, “ಕಾಫಿ ಇವತ್ತು ಬ್ಯಾಡ ಕಣಮ್ಮ, ನಿನ್ ಕೇಸು ಮುಗೀತು” ಎಂದು ಹೊರಟರು. ಹಿಡಿದು ಕೂರಿಸಿ ಕಾಫಿ ಕುಡಿಸಿದೆ. ಕೇಸು ಮುಗಿದರೆ ಬರಬಾರದೆಂದು ಯಾವ ಸರ್ಕಾರದ ಆರ್ಡರ್ ಇದೆ?

ಅತ್ತೆ ಅಡುಗೆಮನೆಯಿಂದ ಬಂದು ಹತ್ತಿರ ಕೂತರು. ಸೆರಗಿನ ಗಂಟು ಬಿಚ್ಚಿ ಒಂದು ಫೋಟೋ ತೆಗೆದು ನನಗೆ ಕೊಟ್ಟರು. “ಸರ್ವಮಂಗಳಂದು” ಎಂದರು. ಆ ಹೆಸರು ಅವರ ಬಾಯಲ್ಲಿ ಮೊದಲ ಸಲ ಕೇಳಿದೆ. “ನಿಂಗೆ ಕೆಟ್ಟದಾಗ್ಬಾರದು ಅಂತ ಎತ್ತಿಟ್ಟಿದ್ದೆ. ಮಗು ಬತ್ತದಲ್ಲ, ಅದು ಕೇಳ್ತದೆ.” ಫೋಟೋದವಳು ನಿಜವಾಗಿಯೂ ತೆಳ್ಳಗಿದ್ದಾಳೆ. ಮೂಗೂ ಇದೆ, ಬಹಳ ಚೆಂದದ್ದು. ನಮ್ಮ ಮದುವೆಯ ಫೋಟೋದ ಪಕ್ಕ ಮೊಳೆ ಹೊಡೆಯಲು ಅವರಿಗೆ ಹೇಳಿದೆ. ಗಣಿತದ ಮೇಷ್ಟ್ರಾಗಿಯೂ ಮೊಳೆ ಸೊಟ್ಟ ಹೊಡೆದರು.

ಪರದೆಯ ಬಟ್ಟೆ ಕತ್ತರಿಸಿ ಫ್ರಾಕು ಹೊಲಿದೆ. ಕಿಟಕಿಗೆ ಪರದೆ ಏತಕ್ಕೆ, ಬೆಟ್ಟ ಕಾಣಬೇಡವೇ? ಅಂಚು ಮಡಿಸಿದ ಮೇಲೆ ಮೊದಲು ಬಿಲ್ಲೆಗೆ ತಾಗಿಸಿದೆ. ಟ್ರಂಕನ್ನು ನಡುಮನೆಗೆ ಸಾಗಿಸಿದ್ದೇವೆ, ಆ ಮೂಲೆಯಲ್ಲಿ ಸಣ್ಣ ಹಾಸಿಗೆ ಹಿಡಿಸುತ್ತದೆ.

ಈಗ ತಾನೇ ಓಬಳಪ್ಪ ಬಂದು ಉತ್ತರ ಕೂಗಿ ಹೋದ. “ಮಗು ಬತ್ತದಂತೆ! ಆದ್ರೆ ನನ್ ಬಸ್ಸು ಬ್ಯಾಡವಂತೆ, ರೈಲೇ ಬೇಕಂತೆ! ಏನ್ ಹೇಳ್ಕೊಟ್ಟು ಬಂದ್ರವ್ವ ಅದಕ್ಕೆ?” ಬಸವಮ್ಮನೂ ಜೊತೆಗೆ ಬಂದು ನವರಾತ್ರಿಯವರೆಗೆ ಇರುತ್ತಾರಂತೆ, ಸಾರು ತಾವೇ ಮಾಡುತ್ತಾರಂತೆ. ಅತ್ತೆ, “ಮಾಡ್ಲಿ ಬುಡು, ನೋಡೇ ಬುಡಾಣ” ಎಂದು ಮೆಣಸಿನಕಾಯಿ ಹುರಿಯಲು ಕೂತಿದ್ದಾರೆ.

ಹಿಂದೂಪುರದಲ್ಲಿ ನೆಂಟರ ಮನೆಯಲ್ಲಿದ್ದು ಅಲ್ಲಿಂದ ರೈಲು ಹತ್ತುತ್ತಾರೆ. ನಾವಿಬ್ಬರೂ ಗೌರಿಬಿದನೂರಿನ ಸ್ಟೇಷನ್ನಿಗೆ ಹೋಗುತ್ತೇವೆ. ನಮ್ಮವರು ಯಾವತ್ತು, ಯಾವ ರೈಲು ಎಂದು ಈಗಾಗಲೇ ಎರಡು ಸಲ ಕೇಳಿದರು, ಮರೆತುಹೋಗುವವರಂತೆ. ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆದಿಡುತ್ತಿದ್ದೇನೆ. ನಮ್ಮ ದಾಕ್ಷಿ ಬರುವುದು ಆಗಸ್ಟ್ ಐದು, ಭಾನುವಾರ, ಗುಂತಕಲ್ಲಿನ ಕಡೆಯಿಂದ ಬರುವ ಬೆಳಗಿನ ಪ್ಯಾಸೆಂಜರ್‌ನಲ್ಲಿ.